ಒತ್ತಿದರೂ ಒಂದೇ, ಬಿಟ್ಟರೂ ಒಂದೇ

"ಮಂಜು, ಈಗ?"

ನಾನು ಅಡುಗೆಮನೆಯಲ್ಲಿ ಸಾರಿಗೆ ಖಾರ ರುಬ್ಬುತ್ತಿದ್ದೆ. ಮಿಕ್ಸಿ ಓಡುವಾಗ ಪಕ್ಕದ ಮನೆಯವರ ಜಗಳವೇ ನನಗೆ ಕೇಳುವುದಿಲ್ಲ. ಇನ್ನು ನಡುಮನೆಯಲ್ಲಿ ಇವರು ಕಾಲಲ್ಲಿ ಒಂದು ಗುಂಡಿ ಒತ್ತಿದ್ದಕ್ಕೆ ಗಿಟಾರಿನ ಸದ್ದು ಏರಿತೋ ಇಳಿಯಿತೋ ಹೇಗೆ ಗೊತ್ತಾಗಬೇಕು?

"ಒಂದೇ ಅದೆ ಕಣ್ರೀ," ಎಂದೆ.

"ಒತ್ತಿದಾಗ್ಲೂ?"

"ಒತ್ತಿದಾಗ್ಲೂ."

"ಸರ್ಯಾಗಿ ಕೇಳ್ದಾ?"

"ಕೇಳ್ದೆ ಅಂದ್ನಲ್ಲ. ಖಾರ ರುಬ್ಲೋ, ನಿಮ್ಮ ಗಿಟಾರ್ ಕೇಳ್ಲೋ?"

ಇವರು ಎಂದರೆ ನನ್ನ ಗಂಡ ದೇವರಾಜು. ಮದ್ದೂರಿನ ಶಿವರಾಜುವಿನ ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಾರೆ, ಹಗಲು ಮಂಡ್ಯದ ಬಟ್ಟೆ ಅಂಗಡಿಯೊಂದರಲ್ಲಿ ಶರ್ಟು ಪ್ಯಾಂಟು ತೋರಿಸುತ್ತಾರೆ. ನಾನು ಅದೇ ತಂಡದಲ್ಲಿ ಹಾಡುತ್ತೇನೆ, ಮನೆಯಲ್ಲಿ ರವಿಕೆ ಹೊಲಿಯುತ್ತೇನೆ. ಹಾಡಿನಿಂದ ಹೆಸರು, ರವಿಕೆಯಿಂದ ಊಟ. ತಂಡದಲ್ಲೇ ಪರಿಚಯವಾಗಿ ಮದುವೆಯಾದವರು ನಾವು. ನಿಮ್ಮ ಮದುವೆಯಲ್ಲಿ ನೀವೇ ಹಾಡಬೇಕಾಗಿ ಬಂತಂತಲ್ಲ ಎಂದು ಜನ ಈಗಲೂ ತಮಾಷೆ ಮಾಡುತ್ತಾರೆ. ತಮಾಷೆಯೇನಲ್ಲ, ನಿಜವಾಗಿಯೂ ಹಾಡಿದೆವು. ಆವತ್ತು ಬರಬೇಕಿದ್ದ ಗಾಯಕಿಗೆ ಜ್ವರ ಬಂದಿತ್ತು.

ಈ ಒತ್ತುವುದು, ಬಿಡುವುದು ಏನೆಂದು ಹೇಳಿಬಿಡುತ್ತೇನೆ. ಇವರ ಕಾಲ ಬುಡದಲ್ಲಿ ಒಂದು ಪ್ರೊಸೆಸರ್ ಇರುತ್ತದೆ, ಎರಡು ಇಟ್ಟಿಗೆ ಜೋಡಿಸಿಟ್ಟಷ್ಟು ದೊಡ್ಡ ಡಬ್ಬ. ಗಿಟಾರಿನ ಸದ್ದು ಅದರೊಳಗೆ ಹೋಗಿ, ಬೇಕಾದ ವೇಷ ಹಾಕಿಕೊಂಡು ಸ್ಪೀಕರಿಗೆ ಬರುತ್ತದೆ. ಒಳಗೇ ಇನ್ನೂರು ಬಗೆಯ ಸದ್ದಿದೆ ಎಂದು ತಂದ ದಿನ ಇವರೇ ಬೀಗಿದ್ದರು. ಅದು ಸಾಲದೆಂದು ಅಟ್ಟದ ಮೇಲೆ ಧೂಳು ತಿನ್ನುತ್ತಿದ್ದ, ಸ್ವರಕ್ಕೆ ಮಾರ್ದನಿ ಕೂಡಿಸುವ ಹಳೆಯ ಎಕೋ ಪೆಡಲ್ ಒಂದನ್ನು ಇಳಿಸಿ, ರಿಪೇರಿ ಮಾಡಿಸಿ, ಪ್ರೊಸೆಸರಿಗೆ ಹೊರಗಿನಿಂದ ಸಿಕ್ಕಿಸಿದರು. ಇರಲಾರದೆ ಇರುವೆ ಬಿಟ್ಟುಕೊಂಡರು ಅನ್ನುತ್ತಾರಲ್ಲ, ಹಾಗೆ.

ಡಬ್ಬದ ಹಿಂದೆ ಎರಡು ತೂತು. ಒಂದರಿಂದ ಸದ್ದು ಪೆಡಲಿಗೆ ಹೋಗುತ್ತದೆ, ಇನ್ನೊಂದರಿಂದ ವಾಪಸು ಬರುತ್ತದೆ. ಹೋಗುವಾಗ ಜಾಸ್ತಿ ಕಳಿಸಿದರೆ ಹಳೆಯ ಪೆಡಲ್ ತಡೆಯಲಾರದೆ ಸದ್ದು ಒಡೆಯುತ್ತದೆ. ತೀರ ಕಡಿಮೆ ಕಳಿಸಿದರೆ ಸ್ವರಕ್ಕಿಂತ ಸೊಯ್ಯನ್ನುವುದೇ ಹೆಚ್ಚು. ವಾಪಸು ಬರುವಾಗ ಜಾಸ್ತಿಯಾದರೆ ಹಾಡುವವಳ ತಲೆಯ ಮೇಲೆ ಕೂರುತ್ತದೆ, ಕಡಿಮೆಯಾದರೆ ಗಿಟಾರಿನವನು ಎದ್ದು ಕಾಫಿಗೆ ಹೋದನೇನೋ ಅನ್ನಿಸುತ್ತದೆ. ಕಾಲಲ್ಲಿ ಒತ್ತಿ ಪೆಡಲನ್ನು ಒಳಗೆ ತಂದಾಗ ಸದ್ದಿನ ಬಣ್ಣ ಬದಲಾಗಬೇಕೇ ಹೊರತು ಎತ್ತರ ಬದಲಾಗಬಾರದು. ಒತ್ತಿದರೂ ಒಂದೇ, ಬಿಟ್ಟರೂ ಒಂದೇ. ಇದಿಷ್ಟನ್ನೂ ಇವರೇ ನನಗೆ ಪಾಠ ಮಾಡಿದ್ದು, ನಾನು ಕೇಳದಿದ್ದರೂ.

ಇದೆಲ್ಲ ಮನೆಯಲ್ಲೇ ಆಗಬೇಕು. ನಮ್ಮ ಕಡೆ ಆರ್ಕೆಸ್ಟ್ರಾದವರ ವಾಡಿಕೆಯೇ ಅದು. ಛತ್ರದಲ್ಲಿ ನಮಗೆಂದು ಹೊತ್ತು ಕೊಡುವವರು ಯಾರು? ಒಂದು ಕಡೆ ಕುರ್ಚಿ ಹಾಕುವವರು, ಇನ್ನೊಂದು ಕಡೆ ಹೂವಿನವರು, ನಡುವೆ "ಏ ಸೌಂಡ್ ಕಮ್ಮಿ ಮಾಡ್ರಲಾ, ಫೋನ್ ಕೇಳ್ತಿಲ್ಲ" ಎನ್ನುವ ಹೆಣ್ಣಿನ ಕಡೆಯ ಮಾವ. ಅದಕ್ಕೇ ಎಲ್ಲರೂ ಮನೆಯಲ್ಲಿ ಮಟ್ಟ ನೋಡಿಕೊಂಡು, ಗುಂಡಿ ಎಲ್ಲಿ ನಿಲ್ಲಬೇಕೋ ಅಲ್ಲೊಂದು ಗುರುತು ಹಾಕಿಕೊಂಡು ಬರುತ್ತಾರೆ. ಇವರ ಗುರುತು ನನ್ನ ಉಗುರುಬಣ್ಣ. ಹಚ್ಚುವವಳೂ ನಾನೇ.

ಅವತ್ತೂ ಮಿಕ್ಸಿ ನಿಲ್ಲಿಸಿ ಬಂದು, ಖಾರದ ಕೈ ಸೀರೆಗೆ ಒರೆಸಿಕೊಂಡು, ಇವರು ತೋರಿಸಿದ ಕಡೆ ಕೆಂಪು ಚುಕ್ಕಿ ಇಟ್ಟೆ. ಇವರು ಕುಕ್ಕರಗಾಲಲ್ಲಿ ಕೂತು ಆ ಚುಕ್ಕಿಯನ್ನು ಬಹಳ ಹೊತ್ತು ನೋಡಿದರು. ನನಗೆ ನಗು ಬಂತು, ಸಿಟ್ಟೂ ಬಂತು. ಗಿಟಾರಿನವರ ಕೈ ವಾಲ್ಯೂಮಿನ ಮೇಲೇ ಇರುತ್ತದೆ, ಇಷ್ಟು ವರ್ಷ ಇವರ ಮುಂದೆ ನಿಂತು ಹಾಡಿದವಳಿಗೆ ಅದು ಗೊತ್ತಿಲ್ಲವೇ? ಸ್ಟೇಜ್ ಹತ್ತಿದ ಮೇಲೆ ಹೇಗೂ ಏರಿಸುತ್ತಾರೆ, ಇಲ್ಲಿ ಚುಕ್ಕಿ ಇಡುವ ನಾಟಕ ಯಾಕೆ ಅಂದುಕೊಂಡೆ.

ಹಾಗಂದುಕೊಳ್ಳಲು ಕಾರಣವಿತ್ತು. ಹಿಂದಿನ ತಿಂಗಳು ಮಂಡ್ಯದ ಒಂದು ಆರತಕ್ಷತೆಯಲ್ಲಿ ನಾನು ನಿಧಾನದ ಹಾಡೊಂದನ್ನು ಹಾಡುತ್ತಿದ್ದೆ. ಚರಣಕ್ಕೆ ಬಂದಾಗ ಇವರು ಆ ಪೆಡಲ್ ಒತ್ತಿದರು. ಗಿಟಾರು ಸಂತೆಯಲ್ಲಿ ಹಗ್ಗ ಬಿಚ್ಚಿಕೊಂಡ ಹೋರಿಯ ಹಾಗೆ ಎದ್ದು ಬಂತು. ನನ್ನ ಚರಣ ಯಾರಿಗೂ ಕೇಳಲಿಲ್ಲ. ಮುಂದಿನ ಸಾಲಿನಲ್ಲಿ ಮಗು ಮಲಗಿಸಿಕೊಂಡಿದ್ದ ಹೆಂಗಸು ಎದ್ದೇ ಹೋದಳು. ಇವರು ಮಾತ್ರ ಕಣ್ಣು ಮುಚ್ಚಿಕೊಂಡು ತನ್ಮಯರಾಗಿ ನುಡಿಸುತ್ತಿದ್ದರು. ಅಷ್ಟು ಜನರ ಮುಂದೆ ಬಾಯಿ ಆಡಿಸಿಕೊಂಡು ಮೂಕಿಯ ಹಾಗೆ ನಿಂತಿದ್ದೆ ನಾನು. ಅವಮಾನವಾಯಿತು. ಮನೆಗೆ ಬಂದು ಎರಡು ದಿನ ಮಾತು ಬಿಟ್ಟೆ, ಅದು ಇವರಿಗೆ ಗೊತ್ತಾದ ಹಾಗೇ ಕಾಣಲಿಲ್ಲ.

ಆಮೇಲೆ ಶಿವರಾಜು ಇಬ್ಬರನ್ನೂ ಮದ್ದೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಟೀ ಅಂಗಡಿಗೆ ಕರೆದ. ಕೆಟ್ಟವನಲ್ಲ ಅವನು. ಟೀ ಕುಡಿಸಿಯೇ ಮಾತು ಎತ್ತಿದ.

"ನೋಡು ದೇವಣ್ಣ, ನಂಗೂ ಬ್ಯಾಸ್ರ ಆಯ್ತದೆ. ಪಾರ್ಟಿಯೋರು ಫೋನ್ ಮಾಡಿ ಬೈತಾವ್ರೆ. ಗಿಟಾರ್ ಒಬ್ಬಂದೇ ಪ್ರೋಗ್ರಾಮಾ ಅಂತ ಕೇಳ್ತಾವ್ರೆ. ಮಳವಳ್ಳೀಲಿ ಬೀಗ್ರೂಟ ಒಂದದೆ, ಅದನ್ನೊಂದು ನೋಡಮ. ಅಲ್ಲೂ ಇಂಗೇ ಆದ್ರೆ ಸ್ವರೂಪ್ ಲ್ಯಾಪ್‌ಟಾಪಲ್ಲಿ ಟ್ರ್ಯಾಕ್ ಆಕ್ತಾನೆ. ನೀನು ರೆಸ್ಟ್ ತಕ್ಕೊ."

ಟ್ರ್ಯಾಕ್ ಎಂದರೆ ವಾದ್ಯವೆಲ್ಲ ಮೊದಲೇ ರೆಕಾರ್ಡ್ ಆಗಿರುವುದು. ಕೀಬೋರ್ಡಿನ ಸ್ವರೂಪ್ ಒಂದು ಗುಂಡಿ ಒತ್ತಿದರೆ ಗಿಟಾರು, ತಬಲ, ಕೊಳಲು ಎಲ್ಲ ಬರುತ್ತವೆ. ಹಾಡುವವರೊಬ್ಬರು ಇದ್ದರೆ ಸಾಕು. ಅಂದರೆ ನಾನು ಇರುತ್ತೇನೆ, ಇವರು ಇರುವುದಿಲ್ಲ. ನಾನು ಸೀರೆ ಉಟ್ಟು ವ್ಯಾನ್ ಹತ್ತುವಾಗ ಇವರು ಬಾಗಿಲಲ್ಲಿ ನಿಂತು ನೋಡಬೇಕಾಗುತ್ತದೆ. ಬಟ್ಟೆ ಅಂಗಡಿಯಲ್ಲಿ ದಿನವಿಡೀ "ಇದ್ರಲ್ಲಿ ಬೇರೆ ಕಲರ್ ಅದಾ" ಎಂದು ಕೇಳಿಸಿಕೊಳ್ಳುವ ಮನುಷ್ಯ, ತಿಂಗಳಿಗೊಮ್ಮೆಯೋ ಎರಡು ಸಲವೋ ಗಿಟಾರಿನ ಬೆಲ್ಟು ಹೆಗಲಿಗೆ ಹಾಕಿಕೊಂಡಾಗ ಮಾತ್ರ ಬೆನ್ನು ನೆಟ್ಟಗೆ ಮಾಡುತ್ತಿದ್ದರು. ಅದೂ ಹೋದರೆ ಇವರು ಏನಾಗುತ್ತಾರೋ ಎಂದು ನನಗೆ ಭಯವಿತ್ತು. ಇವರು ಟೀ ಲೋಟ ಕೆಳಗಿಟ್ಟು "ಆಯ್ತು ಬುಡಪ್ಪ" ಎಂದಷ್ಟೇ ಅಂದರು.

ಅವತ್ತಿನಿಂದ ಅಂಗಡಿಯಿಂದ ಬಂದವರು ಕೈಕಾಲು ತೊಳೆದು ಪೆಡಲ್ ಹಿಡಿದುಕೊಂಡು ಕೂರತೊಡಗಿದರು. ಒಂದು ಸಲ ನುಡಿಸುವುದು, ಒತ್ತುವುದು, ಮತ್ತೆ ನುಡಿಸುವುದು, ಮಂಜು ಈಗ ಎನ್ನುವುದು. ನನಗೆ ಮದುವೆ ಸೀಸನ್ನು. ಗುಡ್ಡೆ ಬಿದ್ದ ರವಿಕೆ, ತೋಳಿನ ಕಸೂತಿ, ಬೆನ್ನು ನೋವು, ಸಂಜೆಯಾದರೆ ಹಾಡಿನ ಅಭ್ಯಾಸ, ಅದರ ಮೇಲೆ ಅಡುಗೆ. ಕೇಳಿ ನೋಡಿ ಹೇಳುವಷ್ಟು ಜೀವ ಯಾರಿಗಿತ್ತು? ಒಂದೇ ಅಂದರೆ ಪ್ರಶ್ನೆ ಮುಗಿಯುತ್ತದೆ. ಅದಕ್ಕೆ ಒಂದೇ ಅಂದೆ. ಹೊಲಿಗೆ ಮಿಷನ್ ತುಳಿಯುತ್ತ ಅಂದೆ, ಪಾತ್ರೆ ತೊಳೆಯುತ್ತ ಅಂದೆ, ಅಕ್ಕನ ಹತ್ತಿರ ಫೋನಿನಲ್ಲಿ ಮಾತಾಡುತ್ತ ಕೈಯಲ್ಲೇ ಸನ್ನೆ ಮಾಡಿಯೂ ಅಂದೆ.

ಮಳವಳ್ಳಿಗೆ ಬೆಳಿಗ್ಗೆಯೇ ಹೊರಟೆವು. ಕೆ.ಎಂ. ದೊಡ್ಡಿಯ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳುತ್ತ ಹೋಗುವಾಗ ವ್ಯಾನಿನಲ್ಲಿ ಎಲ್ಲರೂ ತೂಕಡಿಸುತ್ತಿದ್ದರು. ಇವರು ಮಾತ್ರ ಪೆಡಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹೊಸದಾಗಿ ಮದುವೆಯಾದವರು ತವರಿನ ತಿಂಡಿ ಡಬ್ಬಿ ಹಿಡಿದ ಹಾಗೆ ಎರಡೂ ಕೈಯಲ್ಲಿ ಹಿಡಿದಿದ್ದರು. ನಾನೇನೋ ಕೇಳಿದೆ. ಉತ್ತರ ಬರಲಿಲ್ಲ. ಬಿಗುಮಾನ ನೋಡು ಎಂದು ನಾನೂ ಮುಖ ತಿರುಗಿಸಿ ಕಣ್ಣು ಮುಚ್ಚಿದೆ.

ಮದುವೆ ಮುಗಿದ ಮೇಲೆ ಬೀಗರಿಗೆ ಹಾಕಿಸುವ ಬಾಡೂಟವೇ ಬೀಗರೂಟ, ನಮ್ಮ ಕಡೆ ಅದು ಮದುವೆಗಿಂತ ಒಂದು ಕೈ ಮೇಲು. ಛತ್ರದ ಹಿಂದೆ ಒಲೆಗಳು ಉರಿಯುತ್ತಿದ್ದವು, ಮಟನ್ ಸಾರಿನ ಕೊಪ್ಪರಿಗೆಗೆ ಕೊತ್ತಂಬರಿ ಕಾಯಿ ಮಸಾಲೆ ಬೀಳುತ್ತಿತ್ತು, ಮುದ್ದೆ ತೊಳಸುವವರು ಹೆಗಲಿಗೆ ಟವೆಲ್ ಸುತ್ತಿ ನಿಂತಿದ್ದರು. ಹೆಣ್ಣಿನ ಕಡೆಯವರು ಆತಗೂರಿನವರು, ಅವರ ಬಸ್ಸು ಇನ್ನೂ ಬಂದಿರಲಿಲ್ಲ. ಬೀಗರೂಟಕ್ಕೆ ಬಂದ ಜನ ಹಾಡು ಕೇಳುವುದಿಲ್ಲ, ಮೂಳೆ ಚೀಪುತ್ತಾರೆ. ಆದರೆ ಸದ್ದು ಹೆಚ್ಚಾದರೆ ಮಾತ್ರ ಎಲ್ಲರಿಗೂ ಕೇಳುತ್ತದೆ.

ಮೈಕ್ ಸೆಟ್ಟಿನ ನಯಾಜ್ ಪಾಷಾ ಆಗಲೇ ಸ್ಪೀಕರ್ ಬಾಕ್ಸುಗಳನ್ನು ನಿಲ್ಲಿಸಿ, ಎಲ್ಲರ ಸದ್ದು ಏರಿಳಿಸುವ ಮಿಕ್ಸರ್ ಮುಂದೆ ಕೂತಿದ್ದ. ಪೆಡಲ್ ರಿಪೇರಿ ಮಾಡಿದವನೂ ಅವನೇ. ಇವರು ಸ್ಟೇಜ್ ಮೇಲೆ ಎಲ್ಲ ಜೋಡಿಸಿ, ಕೆಂಪು ಚುಕ್ಕಿಗೆ ಗುಂಡಿ ತಂದು, ನುಡಿಸಿ ನೋಡಿದರು. ಒತ್ತಿದರು. ನಾನು ಊಟದ ಹಾಲಿನ ಬಾಗಿಲಲ್ಲಿ ಸೀರೆಗೆ ಪಿನ್ ಹಾಕಿಕೊಳ್ಳುತ್ತಿದ್ದವಳು ಬೆಚ್ಚಿಬಿದ್ದು ಬೆರಳಿಗೆ ಚುಚ್ಚಿಕೊಂಡೆ. ಮಂಡ್ಯದ ಅದೇ ಸದ್ದು. ಅದಕ್ಕಿಂತ ಒಂದು ಕೈ ಜಾಸ್ತಿಯೇ, ಮೇಲಾಗಿ ಒಡಕು.

"ಅಕ್ಕಾ, ಒಂಚೂರು ಇಲ್ಲಿ ಬನ್ನಿ," ನಯಾಜ್ ಮೆಲ್ಲಗೆ ಕರೆದ. ಮಿಕ್ಸರಿನ ದೀಪಗಳನ್ನು ತೋರಿಸಿದ. "ಬುಟ್ಟಾಗ ನೋಡಿ, ಹಸ್ರಲ್ಲೇ ಅದೆ. ಒತ್ತಿದ್ರೆ ಸೀದಾ ಕೆಂಪ್ಗೆ ಓಯ್ತದೆ. ನಾನಿಲ್ಲಿ ಇಳಿಸ್ಬೋದು. ಇಳಿಸಿದ್ರೆ ಬುಟ್ಟಾಗ ಗಿಟಾರೇ ಕೇಳಕಿಲ್ಲ. ಅಣ್ಣಾನೇ ಅಲ್ಲಿ ಸರಿ ಮಾಡ್ಬೇಕು. ಶಿವರಾಜಣ್ಣ ಒಳಗೆ ಬರೋದ್ರೊಳ್ಗೆ ಯೇಳಿ."

ಶಿವರಾಜು ಹೊರಗೆ ಮನೆಯವರ ಜೊತೆ ಮಾತಾಡುತ್ತಿದ್ದ. ನಾನು ಸೀರೆ ಎತ್ತಿ ಹಿಡಿದುಕೊಂಡು ದಡದಡ ಸ್ಟೇಜ್ ಹತ್ತಿದೆ. ಮೈ ಉರಿಯುತ್ತಿತ್ತು.

"ಬೇಕೂಂತ ಮಾಡ್ತಿದ್ದೀರಾ? ಇವತ್ತು ಒಂದಿನ ತಗ್ಗಿ ನಡೆಯಕ್ಕಾಗಲ್ವಾ ನಿಮ್ಗೆ? ಒತ್ತಿದ್ರೆ ಕೆಂಪ್ಗೆ ಓಯ್ತದಂತೆ."

ಇವರು ನನ್ನ ಮುಖವನ್ನೇ ನೋಡಿದರು. "ಎಂಗಾಯ್ತದೆ? ಚುಕ್ಕಿ ಮೇಲೇ ಮಡಗಿವ್ನಿ. ನೀನೇ ಒಂದೇ ಅದೆ ಅಂದ್ಯಲ್ಲ."

"ನಾನ್ ಅಂದ್ರೆ? ನುಡ್ಸೋರು ನೀವಾ, ನಾನಾ? ಇಷ್ಟು ಸದ್ದು ಪಕ್ದಲ್ಲೇ ಬತ್ತಾ ಇದ್ರೆ ಗೊತ್ತಾಗಲ್ವಾ?"

ಇವರು ತಂತಿಗಳ ಮೇಲೆ ಅಂಗೈ ಇಟ್ಟರು. ಗಿಟಾರು ಸುಮ್ಮನಾಯಿತು.

"ಗೊತ್ತಾಗಕಿಲ್ಲ ಕಣೆ," ಎಂದರು.

"ಏನ್ ಗೊತ್ತಾಗಕಿಲ್ಲ?"

"ಎಡಗಿವಿ ಪೂರಾ ಓಗ್ಬುಟ್ಟದೆ. ಬಲಗಿವೀಲಿ ಮಾತು ಕೇಳ್ತದೆ, ತಾಳ ಕೇಳ್ತದೆ. ಒತ್ತಿದ್ರೆ ಜಾಸ್ತಿ ಆಯ್ತೋ, ಕಮ್ಮಿ ಆಯ್ತೋ, ಒಡೀತಾ ಅದೋ, ಅದೊಂದೂ ತಿಳಿಯಕಿಲ್ಲ. ಅದ್ಕೇ ದಿನಾ ನಿನ್ನ ಕೇಳ್ತಿದ್ದಿದ್ದು."

ಒಂದು ಗಳಿಗೆ ನನಗೆ ಇವರು ಹೇಳಿದ್ದು ಒಳಗಿಳಿಯಲಿಲ್ಲ. ಆಮೇಲೆ ಇಳಿಯಿತು. ಇಷ್ಟು ವರ್ಷ ಇವರು ಸ್ಟೇಜಿನ ಮೂಲೆಯಲ್ಲಿ ನಿಲ್ಲುತ್ತಿದ್ದುದು, ಡ್ರಮ್ಮಿನ ಸದ್ದು ಬರುವ ಬಾಕ್ಸು ಇವರ ಎಡ ಭುಜಕ್ಕೆ ತಾಗುವಂತೆ ಇರುತ್ತಿದ್ದುದು ಕಣ್ಣ ಮುಂದೆ ಬಂತು. ನಾನು ಇವರ ಕೊಬ್ಬು ಅಂದುಕೊಂಡಿದ್ದೆಲ್ಲ ಕಿವುಡಾಗಿತ್ತು. ಮತ್ತು ಆ ಕಿವುಡಿಗೆ ಇದ್ದ ಒಂದೇ ಆಸರೆ ನನ್ನ ಬಾಯಿಂದ ಬರುತ್ತಿದ್ದ ಆ ಒಂದು ಮಾತು. ನಾನು ಅದನ್ನು ಪಾತ್ರೆ ತೊಳೆಯುತ್ತ, ತಿರುಗಿಯೂ ನೋಡದೆ ಎಸೆದಿದ್ದೆ.

"ಯಾವಾಗಿಂದ?"

"ಗಣಪತಿ ಹಬ್ಬದ ಪ್ರೋಗ್ರಾಮ್‌ಗಳಾದ್ಮೇಲೆ. ಡಾಕ್ಟ್ರು ನೋಡಿದ್ರು. ಇನ್ ಬರಕಿಲ್ಲ ಅಂದ್ರು."

"ಡಾಕ್ಟ್ರತ್ರ ಓಗಿದ್ರಾ? ನಂಗೊಂದ್ ಮಾತು ಯೇಳ್ಬಾರ್ದಾ?"

"ಯೇಳಿದ್ರೆ ನೀನು ಶಿವರಾಜಂಗೆ ಯೇಳ್ತಿದ್ದೆ ಅಂತಲ್ಲ. ನೀನೂ ಸಾಕಾಗಿ ಕೂತಿರ್ತೀಯ, ಅದ್ರ ಮೇಲೆ ಇದೊಂದು ಯಾಕೆ ಅಂತ."

ನಾಚಿಕೆಯಾದಾಗ ನನಗೆ ಸಿಟ್ಟೇ ಮೊದಲು ಬರುತ್ತದೆ. ಹುಟ್ಟು ಗುಣ. "ಕಿವಿ ಕೇಳ್ದಿದ್ಮೇಲೆ ಈ ಪೆಡಲ್ ಯಾಕ್ ಬೇಕಿತ್ತು ಮತ್ತೆ? ಇರೋದ್ರಲ್ಲಿ ನುಡಿಸ್ಕೊಂಡು ಇದ್ದಿದ್ರೆ ಶಿವರಾಜುಗೆ ಗೊತ್ತೇ ಆಯ್ತಿರ್ಲಿಲ್ಲ. ಯಾರ್ ಕೇಳಿದ್ರು ನಿಮ್ಮ ಎಕೋನ?"

"ನಿನ್ನ ಉಸ್ರು ಸಾಲ್ತಾ ಇಲ್ಲ ಕಣೆ," ಎಂದರು ಇವರು, ಸಾರಿಗೆ ಉಪ್ಪು ಕಮ್ಮಿ ಅನ್ನುವಷ್ಟೇ ಸಲೀಸಾಗಿ. "ಚರಣದ ಎರಡನೇ ಸಾಲಲ್ಲಿ ನಡುವೆ ನಿಂತೋಯ್ತೀಯ. ಅಲ್ಲಿ ಖಾಲಿ ಬೀಳ್ತದೆ. ಪ್ರೊಸೆಸರಲ್ಲಿರೋ ಎಕೋ ತೀರ ಚೊಕ್ಕ, ಖಾಲಿಯಾಗಿರೋ ಜಾಗಾನ ಎತ್ತಿ ತೋರಿಸ್ತದೆ. ಈ ಹಳೇದು ಮಂಕಾಗಿ ಬತ್ತದೆ, ನಿನ್ನ ದನಿ ಜೊತೇಲೇ ಸೇರ್ಕೊಂಡು ಜಾಗ ತುಂಬ್ತದೆ."

"ಕಿವಿ ಕೇಳಲ್ಲ ಅಂದ್ರಿ. ನನ್ನ ಉಸ್ರು ಮಾತ್ರ ಕೇಳ್ತದಾ?"

"ನಿನ್ನ ಬೆನ್ನು ಕಾಣ್ತದಲ್ಲ. ಅಲ್ಲಿಗೆ ಬಂದಾಗ ಭುಜ ಮ್ಯಾಲಕ್ಕೆ ಓಯ್ತದೆ."

ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ ನಾನು. ಬೆಳಿಗ್ಗೆ ಎದ್ದು ಕದ್ದು ಉಸಿರಿನ ಅಭ್ಯಾಸ ಮಾಡುತ್ತಿದ್ದೆ, ಸಾಲು ಒಡೆದರೆ ಭಾವಕ್ಕೆ ಒಡೆದೆ ಎನ್ನುವ ಹಾಗೆ ಕೈ ಆಡಿಸುತ್ತಿದ್ದೆ. ಹಿಂದೆ ನಿಂತ ಈ ಮನುಷ್ಯ ಎಲ್ಲ ನೋಡಿಕೊಂಡು, ಒಂದು ಮಾತೂ ಆಡದೆ, ತನ್ನ ಕೆಲಸಕ್ಕೇ ಕುತ್ತು ತಂದುಕೊಂಡು, ಅಟ್ಟದಿಂದ ಪೆಡಲ್ ಇಳಿಸಿದ್ದರು. ಅಳು ಬಂತು. ಮುಖಕ್ಕೆ ಹಚ್ಚಿದ ಬಣ್ಣ ಕೆಡುತ್ತದೆಂದು ನುಂಗಿಕೊಂಡೆ. ಆ ಕ್ಷಣಕ್ಕೆ ಇವರನ್ನು ಕಂಡರೆ ಪ್ರೀತಿ ಎಷ್ಟಿತ್ತೋ, ಹೊಡೆಯಬೇಕೆನ್ನುವ ಆಸೆಯೂ ಅಷ್ಟೇ ಇತ್ತು.

"ನಡೀರಿ," ಎಂದೆ. "ಮೊದ್ಲಿಂದ ಮಾಡಮ."

ನಾನು ಕೆಳಗಿಳಿದು ಹಾಲಿನ ನಡುವೆ ಇವರಿಗೆ ಬೆನ್ನು ಮಾಡಿ ನಿಂತೆ. ಕಾಲು ಯಾವಾಗ ಒತ್ತುತ್ತದೆ ಎಂದು ಕಂಡರೆ ಕಿವಿ ಮೋಸ ಹೋಗುತ್ತದೆ. ಕಣ್ಣು ಮುಚ್ಚಿಕೊಂಡೆ. ಹಿಂದೆ ಕೊಪ್ಪರಿಗೆ ಎಳೆಯುವ ಸದ್ದು, ಎಲೆ ಲೆಕ್ಕ ಹಾಕುವವರ ಕೂಗು. ಅದರ ನಡುವೆ ಗಿಟಾರಿಗೆ ಕಿವಿ ಕೊಟ್ಟೆ. ಎಷ್ಟೋ ದಿನದ ಮೇಲೆ ಕೊಟ್ಟೆ.

"ಒಡೀತಾ ಅದೆ," ಎಂದು ಜೋರಾಗಿ ಕೂಗಿದೆ. "ಕಳ್ಸೋದು ಕಮ್ಮಿ ಮಾಡಿ."

ಇವರು ಪೆಡಲಿಗೆ ಹೋಗುವ ಸದ್ದು ಇಳಿಸಿದರು. ಇನ್ನೂ ಒಡಕಿತ್ತು. ಮತ್ತೆ ಇಳಿಸಿದರು. ತುಕ್ಕು ಉದುರಿದ ಹಾಗೆ ಒಡಕು ಹೋಗಿ, ಮಂಕಾದ, ದುಂಡಗಿನ ದನಿ ಹೊರಬಂತು. ಆದರೆ ಈಗ ಒತ್ತಿದ ಕೂಡಲೇ ಗಿಟಾರು ದೂರ ಸರಿಯುತ್ತಿತ್ತು.

"ಈಗ ಕಮ್ಮಿ. ವಾಪಸ್ ಬರೋದು ಏರ್ಸಿ. ಇನ್ನೊಂಚೂರು. ಊಹೂಂ, ಜಾಸ್ತಿ ಆಯ್ತು. ಇಳ್ಸಿ."

ಅಡುಗೆಯವನೊಬ್ಬ ಸೌಟು ಹಿಡಿದು ಬಂದು, ಗೋಡೆಗೆ ಮುಖ ಮಾಡಿ ಕೂಗುತ್ತಿರುವ ನನ್ನನ್ನು ನೋಡಿ, ಬಂದ ದಾರಿಯಲ್ಲೇ ವಾಪಸು ಹೋದ. ನಯಾಜ್ ತನ್ನ ದೀಪಗಳನ್ನು ನೋಡುತ್ತ "ಹಸ್ರು, ಹಸ್ರು" ಎನ್ನುತ್ತಿದ್ದ. ದೀಪ ಒಂದೇ ಎಂದಾಗಲೂ ನನ್ನ ಕಿವಿ ಒಪ್ಪಲಿಲ್ಲ, ಎಕೋದ ಬಾಲ ಇನ್ನೂ ಎದ್ದು ಕಾಣುತ್ತಿತ್ತು. ಪೆಡಲಿನ ಗುಂಡಿಯನ್ನೇ ಕೂದಲೆಳೆಯಷ್ಟು ತಿರುಗಿಸಿರೆಂದೆ. ಆಮೇಲೆ ಇವರು ನುಡಿಸುತ್ತಲೇ ಇದ್ದರು. ಯಾವಾಗ ಒತ್ತಿದರು, ಯಾವಾಗ ಬಿಟ್ಟರು ಎಂದು ಸದ್ದಿನ ಎತ್ತರದಿಂದ ನನಗೆ ತಿಳಿಯಲಿಲ್ಲ. ದನಿ ಒಮ್ಮೆ ಬಿಸಿಲಿಗೆ ಬಂದು, ಒಮ್ಮೆ ನೆರಳಿಗೆ ಹೋಗುತ್ತಿತ್ತು, ಅಷ್ಟೇ. ತಿರುಗಿ ನೋಡಿದೆ. ಇವರು ನನ್ನ ಮುಖ ನೋಡುತ್ತಿದ್ದರು, ಪರೀಕ್ಷೆಯ ರಿಸಲ್ಟಿಗೆ ನಿಂತವರ ಹಾಗೆ.

"ಒಂದೇ," ಎಂದೆ. ಈ ಸಲ ಅದು ನಿಜವಾಗಿತ್ತು.

ಆತಗೂರಿನ ಬಸ್ಸು ಬಂತು. ಜನ ಕೈ ತೊಳೆದು ಸಾಲಾಗಿ ಕೂತರು. ಒಂದೆರಡು ಕುಣಿತದ ಹಾಡು ಸ್ವರೂಪನ ಕೀಬೋರ್ಡಿನ ಮೇಲೇ ಮುಗಿದವು. ಆಮೇಲೆ ನನ್ನ ನಿಧಾನದ ಹಾಡು. ಶಿವರಾಜು ಸ್ಟೇಜಿನ ಪಕ್ಕದ ಕಂಬಕ್ಕೆ ಒರಗಿ, ಕೈ ಕಟ್ಟಿಕೊಂಡು ನಿಂತ. ಸ್ವರೂಪನ ಲ್ಯಾಪ್‌ಟಾಪ್ ಬಿಚ್ಚಿಯೇ ಇತ್ತು.

ಪಲ್ಲವಿ ಹಾಡಿದೆ. ಚರಣ ಬಂತು. ಎರಡನೇ ಸಾಲು ಅರ್ಧಕ್ಕೆ ಬಂದು ಉಸಿರು ಮುಗಿಯಿತು, ಭುಜ ಮೇಲೆ ಹೋಗಿದ್ದು ನನಗೇ ಗೊತ್ತಾಯಿತು. ಅಲ್ಲಿಗೆ ಸರಿಯಾಗಿ ಹಿಂದಿನಿಂದ ಗಿಟಾರಿನ ದನಿ ಬಂದು ಪಕ್ಕದಲ್ಲಿ ನಿಂತಿತು. ಮುಂದೆ ಬರಲಿಲ್ಲ, ಹಿಂದೆ ಉಳಿಯಲಿಲ್ಲ. ಅದರ ಮಾರ್ದನಿ ಆರುವ ಮೊದಲು ನಾನು ಸಾವಕಾಶವಾಗಿ ಉಸಿರು ತುಂಬಿಕೊಂಡು ಉಳಿದರ್ಧ ಹಾಡಿದೆ. ಕೇಳಿದವರಿಗೆ ಸಾಲು ಒಡೆದದ್ದೇ ತಿಳಿದಿರಲಾರದು. ಇಷ್ಟು ವರ್ಷದಲ್ಲಿ ಆ ಹಾಡನ್ನು ನಾನು ಅಷ್ಟು ನೆಮ್ಮದಿಯಾಗಿ ಹಾಡಿದ್ದಿಲ್ಲ.

ಚಪ್ಪಾಳೆ ಬೀಳಲಿಲ್ಲ. ಎಲ್ಲರ ಬಲಗೈಯೂ ಎಲೆಯಲ್ಲಿತ್ತು. ಆದರೆ ಶಿವರಾಜು ಕಟ್ಟಿದ್ದ ಕೈ ಬಿಚ್ಚಿ, ಒಳಗೆ ಹೋಗಿ ಪಂಕ್ತಿಯಲ್ಲಿ ಕೂತು "ಇಲ್ಲೊಂದ್ ಮುದ್ದೆ ಬುಡಿ" ಎಂದ. ಪ್ರೋಗ್ರಾಮಿನ ನಡುವೆ ಅವನು ಊಟಕ್ಕೆ ಕೂತನೆಂದರೆ ಅವನಿಗೆ ಯಾವ ಚಿಂತೆಯೂ ಇಲ್ಲವೆಂದು ಅರ್ಥ. ಸ್ವರೂಪ್ ನಗುತ್ತ ಲ್ಯಾಪ್‌ಟಾಪ್ ಮುಚ್ಚಿದ.

ಸಾಮಾನು ಕಟ್ಟುವಾಗ ಶಿವರಾಜು ಎಲೆಅಡಿಕೆ ತಿನ್ನುತ್ತ ಬಂದು ಇವರ ಬೆನ್ನು ತಟ್ಟಿದ. "ಇಂಗೆ ನುಡ್ಸೋಕೆ ಏನಾಗಿತ್ತಣ್ಣ ನಿಂಗೆ ದಾಡಿ? ಮುಂದಿನ್ ತಿಂಗ್ಳು ವೈದ್ಯನಾಥಪುರದಲ್ಲಿ ಒಂದ್ ಮದ್ವೆ ಅದೆ. ಇದೇ ಪೆಡಲ್ ತಕ್ಕಬಾ."

ಇವರು "ಬತ್ತೀನಿ ಬುಡಪ್ಪ" ಎಂದು ವೈರ್ ಸುತ್ತತೊಡಗಿದರು. ಕಿವಿಯ ಮಾತನ್ನು ನಾನೂ ಎತ್ತಲಿಲ್ಲ. ನಯಾಜ್ ಎಲ್ಲ ಕೇಳಿಸಿಕೊಂಡಿದ್ದ, ಅವನೂ ಎತ್ತಲಿಲ್ಲ.

ಸಂಜೆ ವ್ಯಾನಿನಲ್ಲಿ ವಾಪಸು ಹೊರಟೆವು. ಹಾಡಿದ ದಿನ ನಾನು ದಾರಿಯಲ್ಲಿ ಮಾತಾಡುವವಳಲ್ಲ. ಗಂಟಲು ಉರಿಯುತ್ತಿರುತ್ತದೆ, ಮೈಯೆಲ್ಲ ಹಿಂಡಿ ಹಾಕಿದ ಹಾಗಾಗಿರುತ್ತದೆ, ಸೀಟಿಗೆ ತಲೆ ಕೊಟ್ಟರೆ ಮದ್ದೂರೇ. ಅವತ್ತೂ ಹಾಗೇ ಒರಗಿದೆ. ಮಳವಳ್ಳಿ ದಾಟಿದ ಮೇಲೆ ಇವರು ನನ್ನ ಕೈ ಮುಟ್ಟಿದರು.

"ಎಂಗಿತ್ತು ಮಂಜು?"

"ಏನು?"

"ನಾನು ನುಡಿಸಿದ್ದು. ಚರಣದಲ್ಲಿ ಎಕೋ ಬಂದಾಗ ಎಂಗ್ ಕೇಳ್ತು?"

ಆಗ ತಿಳಿಯಿತು ನನಗೆ. ಅಷ್ಟು ಚೆನ್ನಾಗಿ ನುಡಿಸಿದ್ದು ಛತ್ರದಲ್ಲಿ ಇವರೊಬ್ಬರನ್ನು ಬಿಟ್ಟು ಎಲ್ಲರಿಗೂ ಕೇಳಿತ್ತು. ಮೂಳೆ ಚೀಪುತ್ತಿದ್ದವರಿಗೂ ಕೇಳಿತ್ತು. ಇವರಿಗೆ ಶಿವರಾಜು ಊಟಕ್ಕೆ ಕೂತದ್ದು ಕಂಡಿತ್ತು, ನನ್ನ ಬೆನ್ನು ಕಂಡಿತ್ತು, ಅಷ್ಟೇ.

ನಾನು ಕೂತಿದ್ದು ಇವರ ಎಡಗಡೆ. ವರ್ಷಗಟ್ಟಲೆ ಅಲ್ಲೇ ಕೂರುತ್ತಿದ್ದವಳು, ಈಚೆಗೆ ಆಡಿದ ಮಾತಿಗೆ ಉತ್ತರ ಬರದಿದ್ದಾಗಲೆಲ್ಲ ಮುಖ ತಿರುಗಿಸುತ್ತಿದ್ದೆ. ಓಡುವ ವ್ಯಾನಿನಲ್ಲಿ ಸೀಟು ಹಿಡಿದುಕೊಂಡು ಎದ್ದು, ಇವರ ಮೊಣಕಾಲು ದಾಟಿ, ಬಲಗಡೆ ಕಿಟಕಿಯ ಪಕ್ಕಕ್ಕೆ ಹೋಗಿ ಕೂತೆ.

"ಮೊದ್ಲಿಂದ ಯೇಳ್ತೀನಿ, ಕೇಳಿ," ಎಂದೆ.

"ತಪ್ಪು ಎಲ್ಲೆಲ್ಲಿ ಆಯ್ತು ಅದ್ನೂ ಯೇಳು."

"ಯೇಳ್ದೆ ಬುಡ್ತೀನಾ?"

ಇಂಜಿನಿನ ಸದ್ದಿಗೆ ಎದುರಾಗಿ, ಇವರ ಕಿವಿಗೆ ಬಾಯಿ ಇಟ್ಟು, ಒಂದೊಂದು ಸಾಲಿಗೂ ಗಿಟಾರು ಹೇಗೆ ಬಂತು, ಎಲ್ಲಿ ನಿಂತಿತು, ಎಲ್ಲಿ ಒಂದು ಸ್ವರ ಜಾರಿತು, ಎಲ್ಲ ಹೇಳುತ್ತ ಬಂದೆ. ಇವರು ಕಣ್ಣು ಮುಚ್ಚಿ ತಲೆದೂಗುತ್ತ ಕೇಳಿದರು. ಕೆ.ಎಂ. ದೊಡ್ಡಿ ತಲುಪುವ ಹೊತ್ತಿಗೆ ನನ್ನ ದನಿ ಪೂರಾ ಕಟ್ಟಿಹೋಗಿತ್ತು. ನಾವಿನ್ನೂ ಮೊದಲನೇ ಹಾಡಿನ ಚರಣದಲ್ಲೇ ಇದ್ದೆವು.